ಹಂದರದ ಹಿಂದಿನ ಲೆಕ್ಕ

(ನಮ್ಮ ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



'ಯುವ ಉದ್ಯಮಿ' ಎಂಬ ವಿಷಯದ ಮೇಲೆ ಮಾತಾಡಿ ಎಂದಾಗ ಹಿಂಜರಿದೆ. ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವಳು, ತಿಂಗಳ ಸಂಬಳದವಳು. ಆದರೆ ನನ್ನ ಚಿಕ್ಕಮ್ಮನ ಮಗಳು ಉದ್ಯಮಿ. ಐಷಾರಾಮಿ ಮದುವೆಗಳನ್ನು ಆಯೋಜಿಸುತ್ತಾಳೆ. ಅವಳ ಒಪ್ಪಿಗೆ ಪಡೆದೇ ಅವಳ ಕಥೆ ಹೇಳುತ್ತಿದ್ದೇನೆ.

2018ರ ನವೆಂಬರ್‌ನಲ್ಲಿ ದೀಪಿಕಾ ಪಡುಕೋಣೆಯವರ ಮದುವೆ ಇಟಲಿಯ ಲೇಕ್ ಕೋಮೊದಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ನಾವೆಲ್ಲ ಸೀರೆ ನೋಡಿದೆವು. ಇವಳು ಮಾತ್ರ, "ಅಕ್ಕಾ, ಇದನ್ನೆಲ್ಲ ಜೋಡಿಸಿದವರು ಯಾರು?" ಎಂದು ಕೇಳಿದಳು. ಮುಂದೆ ಇಂಜಿನಿಯರ್ ಕೆಲಸ ಬಿಟ್ಟಾಗ ಧಾರವಾಡದಿಂದ ಚಿಕ್ಕಮ್ಮ ಫೋನ್ ಮಾಡಿ, "ಇಂಜಿನಿಯರಿಂಗ್ ಕಲಿಸಿದ್ದು ಹಂದರಾ ಹಾಕ್ಸಾಕೇನು?" ಎಂದು ಅತ್ತರು. ನಾನೂ ಚಿಕ್ಕಮ್ಮನ ಪಕ್ಷವೇ.

ಉದಯಪುರದಲ್ಲಿ ಅವಳ ಕೆಲಸ ನೋಡಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಕನ್ನಡದ ಹುಡುಗಿ, ರಾಜಸ್ಥಾನದ ಹುಡುಗ. ಪಿಚೋಲಾ ಸರೋವರದ ನಡುವಿನ ಜಗಮಂದಿರದಲ್ಲಿ ಮದುವೆ. ಅಲ್ಲಿಗೆ ದೋಣಿಯಲ್ಲೇ ಹೋಗಬೇಕು. ಹಿಂದಿನ ರಾತ್ರಿ ಗಂಡಿನ ಕಡೆಯವರ ಸಂಗೀತ, ಬೆಳಿಗ್ಗೆ ಬೇಗ ಹೆಣ್ಣಿನ ಕಡೆಯವರ ಧಾರೆ. ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎಂಬ ನಿಯಮ ಬೇರೆ. ಮೊದಲ ದೋಣಿಯಲ್ಲಿ ಪುರೋಹಿತರು, ವಾಲಗದವರು, ಹೂವು. ಕೊನೆಯದರಲ್ಲಿ ಗಂಡಿನ ಗೆಳೆಯರು. ಮಂಡಿನೋವಿನ ಅಜ್ಜಿ ದೋಣಿ ಹತ್ತುವುದು ಹೇಗೆಂದು ಮೂರು ವಾರ ಮೊದಲೇ ಹೋಗಿ ನೋಡಿಬಂದಿದ್ದಳು. ಅಂತರಪಟ ಸರಿದಾಗ ಅಜ್ಜಿ ಮುಂದಿನ ಸಾಲಿನಲ್ಲೇ ಇದ್ದರು, ಕೈಯಲ್ಲಿ ಅಕ್ಷತೆ ಹಿಡಿದು. ಐಷಾರಾಮ ಎಂದರೆ ವಿದೇಶಿ ಹೂವು ಎಂದುಕೊಂಡಿದ್ದೆ. ಮನೆಯವರಿಗೆ ಗಾಬರಿಯಾಗದಂತೆ ನೋಡಿಕೊಳ್ಳುವುದೇ ಐಷಾರಾಮ ಎಂದು ಅಂದು ತಿಳಿಯಿತು. ನಮ್ಮ ಕೆಲಸದಲ್ಲಿ ತಪ್ಪಾದರೆ ಮುಂದಿನ ರಿಲೀಸ್‌ನಲ್ಲಿ ಸರಿಪಡಿಸುತ್ತೇವೆ. ಮುಹೂರ್ತಕ್ಕೆ ಎರಡನೆಯ ರಿಲೀಸ್ ಇಲ್ಲ.

ಇನ್ನು ಕಷ್ಟದ ಮಾತು. ಮತ್ತೊಂದು ಮದುವೆಯಲ್ಲಿ, ದೊಡ್ಡ ಮನೆತನದವರು, ಎಲ್ಲ ಚೆನ್ನಾಗಿ ನಡೆದ ಮೇಲೆ "ಹೂವು ಬಾಡಿತ್ತು" ಎಂದು ಕೊನೆಯ ಕಂತು ಕೊಡಲಿಲ್ಲ. ಬಾಯಿಮಾತಿನ ನಂಬಿಕೆ, ಬರಹದ ಒಪ್ಪಂದವಿಲ್ಲ. ಬಿಲ್ ಕೊಟ್ಟಾಗಿತ್ತು; ಹಣ ಬರಲಿ ಬಿಡಲಿ, ಶೇ. 18 ಜಿಎಸ್‌ಟಿ ಕಟ್ಟಲೇಬೇಕು. ಹೂ ಕಟ್ಟುವವರು, ಲೈಟಿನವರು, ಡ್ರೈವರ್‌ಗಳು ಕಾಯುತ್ತಿದ್ದರು. ಇವಳು ತನ್ನ ಎಫ್‌ಡಿ ಮುರಿಸಿ ಮೊದಲು ಅವರಿಗೆ ಕೊಟ್ಟಳು. ಆ ವಾರ ನಾನು ಅವಳನ್ನು ಕೇಳದೆಯೇ ಅವಳ ರೆಸ್ಯೂಮೆಯನ್ನು ನಮ್ಮ ಎಚ್‌ಆರ್‌ಗೆ ಕಳಿಸಿದ್ದೆ. ಗೊತ್ತಾದಾಗ ಅವಳು ಕೋಪಿಸಿಕೊಳ್ಳಲಿಲ್ಲ. "ಅಕ್ಕಾ, ನನಗೆ ನೌಕರಿ ಬೇಡ. ಒಂದು ಒಳ್ಳೆ ಎಕ್ಸೆಲ್ ಶೀಟ್ ಮಾಡಿಕೊಡು" ಎಂದಳು. ನನಗೆ ನಾಚಿಕೆಯಾಯಿತು.

ಮೂರು ಶನಿವಾರ ಕೂತು ಮಾಡಿದೆವು. ಈಗ ವ್ಯವಹಾರಕ್ಕೆ ಬೇರೆ ಖಾತೆ, ಪ್ರತಿ ಕೆಲಸಕ್ಕೂ ಸಹಿಯಾದ ಒಪ್ಪಂದ, ಕೊನೆಯ ಕಂತು ಮುಹೂರ್ತಕ್ಕೆ ಮೊದಲು. ಉದ್ಯಮ್ ನೋಂದಣಿಯನ್ನೂ ಮಾಡಿಸಿದಳು, ಅದಕ್ಕೆ ಶುಲ್ಕವಿಲ್ಲ. ನೋಂದಾಯಿತ ಸಣ್ಣ ಉದ್ಯಮದಿಂದ ಸೇವೆ ಪಡೆದ ಕಂಪನಿಗಳು 45 ದಿನ ಮೀರಿ ಹಣ ತಡೆಹಿಡಿಯುವಂತಿಲ್ಲ ಎಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ಬಾಕಿ ಮಾತ್ರ ಇನ್ನೂ ಬಂದಿಲ್ಲ. ಆದರೆ ಅಂದು ಕೂಲಿ ಪಡೆದ ಹೂವಿನವರು, ಸೀಸನ್‌ನಲ್ಲಿ ಎಷ್ಟೇ ಬೇಡಿಕೆಯಿದ್ದರೂ ಮೊದಲು ಇವಳ ಕೆಲಸಕ್ಕೇ ಬರುತ್ತಾರೆ.

ಇಲ್ಲಿರುವ ತಾಯಂದಿರಲ್ಲಿ, ಅಕ್ಕಂದಿರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಹುಡುಗಿ ಇಂಥ ದಾರಿ ಹಿಡಿದರೆ "ಸರಿಯಾದ ಕೆಲಸ ಯಾವಾಗ?" ಎಂದು ಕೇಳಬೇಡಿ. "ಒಪ್ಪಂದಕ್ಕೆ ಸಹಿ ಆಯ್ತೇನವ್ವಾ?" ಎಂದು ಕೇಳಿ. ಚಿಕ್ಕಮ್ಮ ಈಗ ಹಾಗೇ ಕೇಳುತ್ತಾರೆ.