ಡೆನ್ಮಾರ್ಕಿನ ಸಣ್ಣ ಊರುಗಳಲ್ಲಿ



ಪರದೇಶಕ್ಕೆ ಹೋಗಿಬಂದವರು ಮಾತಾಡಲು ಎದ್ದು ನಿಂತರೆ ಕೇಳುವವರಿಗೆ ಸ್ವಲ್ಪ ಭಯವೇ. ಗೋಪುರದ ಎತ್ತರ, ಅರಮನೆಯ ಬಾಗಿಲುಗಳ ಲೆಕ್ಕ, ಕೊನೆಗೆ ಅಲ್ಲಿಯ ಚೊಕ್ಕಟತನದ ಹೊಗಳಿಕೆ. ಅವನ್ನೆಲ್ಲ ನಾವು ಬಿಟ್ಟುಬಿಡುತ್ತೇವೆ. ಕೋಪನ್‌ಹೇಗನ್ನಿನಲ್ಲಿ ಒಂದೇ ದಿನ ತಂಗಿ, ಮಕ್ಕಳನ್ನೂ ಅಜ್ಜಿಯನ್ನೂ ಕರೆದುಕೊಂಡು ಜಟ್ಲೆಂಡಿನ ತೆಂಕಣ ಮೂಲೆಗೆ ಹೋದೆವು. ಇಂದು ಹೇಳುವುದು ಅಲ್ಲಿಯ ಸಣ್ಣ ಊರುಗಳ ಮಾತು.

ಮೊದಲು ನಮ್ಮನ್ನು ದಿಗಿಲುಗೊಳಿಸಿದ್ದು ಅಲ್ಲಿಯ ನಿಶ್ಶಬ್ದ. ರೈಲುಗಾಡಿಯ ಸದ್ದಿನಲ್ಲೇ ಮಲಗಿ ಬೆಳೆದ ನಮ್ಮ ಮಕ್ಕಳು "ಊರಿನವರೆಲ್ಲ ಎಲ್ಲಿಗೆ ಹೋಗಿದ್ದಾರೆ?" ಎಂದು ಕೇಳಿದರು. ಜೂನ್ ತಿಂಗಳು, ರಾತ್ರಿ ಹತ್ತಾದರೂ ಬೆಳಕು ಹೋಗದು. ದೀಪ ಹಚ್ಚುವ ಹೊತ್ತು ಯಾವುದೆಂದು ತಿಳಿಯದೆ ಅಜ್ಜಿ ಗಡಿಯಾರ ನೋಡಿಯೇ ಕೈಮುಗಿಯುತ್ತಿದ್ದರು. ಹೊಲಗಳ ನಡುವೆ ಹೋಗುವ ದಾರಿಯ ಪಕ್ಕದಲ್ಲಿ ಒಂದು ಮರದ ಗೂಡು; ಅದರಲ್ಲಿ ಆಲೂಗಡ್ಡೆ, ಜೇನು, ಸ್ಟ್ರಾಬೆರಿ, ಪಕ್ಕದಲ್ಲಿ ಹಣದ ಡಬ್ಬಿ. ಮಾರುವವರಿಲ್ಲ. ಬೆಲೆಯ ಚೀಟಿ ನೋಡಿ ಹಣ ಹಾಕಿ ತೆಗೆದುಕೊಳ್ಳಬೇಕು. ಈಗ ಫೋನಿನಿಂದಲೂ ಹಣ ಸಂದಾಯವಾಗುತ್ತದೆ. ಅಜ್ಜಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. "ಚೌಕಾಶಿ ಯಾರ ಹತ್ತಿರ ಮಾಡುವುದು?" ಎಂದರು.

ರೀಬೆ ಎಂಬುದು ಡೆನ್ಮಾರ್ಕಿನ ಅತ್ಯಂತ ಹಳೆಯ ಪಟ್ಟಣ, 8ನೆಯ ಶತಮಾನದಷ್ಟು ಹಿಂದಿನದು. ವಾಲಿಕೊಂಡ ಮರಗಟ್ಟಿನ ಮನೆಗಳು, ಬಾಗಿಲಿಗೊಂದು ಹೂಗಿಡ. ಹೊಳೆಯ ದಂಡೆಯಲ್ಲಿ ಸಮುದ್ರ ಉಕ್ಕಿ ಬಂದ ವರ್ಷಗಳನ್ನು ಬಳೆಗಳಿಂದ ಗುರುತಿಸಿದ ಕಂಬವೊಂದಿದೆ. ಎಲ್ಲಕ್ಕೂ ಮೇಲಿನ ಬಳೆ 1634ರದು. ಆಳೆತ್ತರಕ್ಕಿಂತ ಮೇಲೆ ಅದನ್ನು ಕಂಡ ಹುಡುಗರು ಆ ದಿನವೆಲ್ಲ ಅದೇ ಮಾತಾಡಿದರು.

ಆದರೆ ನಮ್ಮ ಮನಸ್ಸು ನೆಟ್ಟದ್ದು ಗಡಿಯ ಊರಾದ ಟೊಂಡರಿನಲ್ಲಿ. ಒಂದು ಕಾಲಕ್ಕೆ ಕಸೂತಿ ಜಾಲರಿಗೆ ಹೆಸರಾದ ಊರು. ಅದರ ಕಥೆಯನ್ನು ಕನ್ನಡಿಗರಾದ ನಾವು ಕೇಳಬೇಕಾದದ್ದಿದೆ.

1864ರ ಯುದ್ಧದಲ್ಲಿ ಡೆನ್ಮಾರ್ಕು ಸೋತು, ಡೇನಿಷ್ ಮಾತಿನ ಈ ಸೀಮೆಯೂ ಪ್ರಷ್ಯದ ಕೈಸೇರಿತು. 1888ರಿಂದ ಶಾಲೆಗಳಲ್ಲಿ ಧರ್ಮಪಾಠದ ಕೆಲವು ಗಂಟೆಗಳ ಹೊರತು ಎಲ್ಲವೂ ಜರ್ಮನ್. ಆದರೂ ಅಡಿಗೆಮನೆಯ ಮಾತು ಬದಲಾಗಲಿಲ್ಲ. ಅದಕ್ಕೂ ಮುಂಚೆ, 1844ರಲ್ಲಿ, ಇದೇ ಸೀಮೆಯ ರೋಡಿಂಗ್ ಎಂಬಲ್ಲಿ ರೈತರ ಮಕ್ಕಳಿಗೆ ಅವರದೇ ನುಡಿಯಲ್ಲಿ ತಿಳಿವಳಿಕೆ ಕೊಡುವ ಜಾನಪದ ಪ್ರೌಢಶಾಲೆ ಹುಟ್ಟಿತ್ತು. ನಂಜನಗೂಡಿನಲ್ಲಿ ವಯಸ್ಕರ ಶಿಕ್ಷಣದವರು ತೆರೆದ ವಿದ್ಯಾಪೀಠವನ್ನು ಬಲ್ಲವರು ಇಲ್ಲಿದ್ದರೆ, ಅದಕ್ಕೆ ಮಾದರಿ ಈ ಡೇನಿಷ್ ಶಾಲೆಗಳೇ.

1920ರಲ್ಲಿ ಜನರ ಮತ ಕೇಳಿದರು. ಉತ್ತರದ ಭಾಗ ಒಟ್ಟಾಗಿ ಡೆನ್ಮಾರ್ಕಿಗೆ ಬಂತು. ಟೊಂಡರ್ ಪಟ್ಟಣದ ಹೆಚ್ಚಿನವರು ಜರ್ಮನಿಗೆ ಮತ ಕೊಟ್ಟಿದ್ದರೂ ಸುತ್ತಲ ಸೀಮೆಯೊಡನೆ ಅದೂ ಬಂತು. ಹೀಗೆ ಗೆರೆಯ ಈಚೆ ಜರ್ಮನರು, ಆಚೆ ಫ್ಲೆನ್ಸ್‌ಬರ್ಗಿನಲ್ಲಿ ಡೇನರು ಉಳಿದರು. ಇದನ್ನು ಕೇಳುವಾಗ ನಮಗೆ ಕಾಸರಗೋಡು, ಬೆಳಗಾವಿಗಳ ನೆನಪು ಬಾರದೆ ಇರಲಿಲ್ಲ. ನಮ್ಮಲ್ಲಿ ಮತ ಕೇಳಿದವರಿಲ್ಲ ಎಂಬುದೂ ನೆನಪಾಯಿತು.

ನಾವಿಳಿದ ಮನೆಯ ಮುದುಕಿ ಓದಿದ್ದು ಜರ್ಮನ್ ಶಾಲೆಯಲ್ಲಿ. ನೆರೆಯವರೊಡನೆ ಆಡುವುದು ಆ ಸೀಮೆಯ ಒರಟು ಡೇನಿಷ್. ಆದರೂ ತಾನು ಜರ್ಮನಳೆಂದು ನಗುತ್ತ ಹೇಳಿದಳು.

"ಹಾಗಾದರೆ ಅವರು ಯಾರು ಎಂದು ತೀರ್ಮಾನಿಸುವವರು ಯಾರಪ್ಪ?" ಎಂದು ನಮ್ಮ ಹುಡುಗಿ ಕೇಳಿದಳು.

ಅದಕ್ಕೆ ಉತ್ತರವನ್ನು ಎರಡು ಸರ್ಕಾರಗಳೂ 1955ರಲ್ಲೇ ಬರೆದಿಟ್ಟಿವೆ. ಯಾರು ತಾನು ಯಾವ ಜನಕ್ಕೆ ಸೇರಿದವನೆಂದು ಹೇಳುತ್ತಾನೋ ಅವನು ಆ ಜನದವನೇ. ಅಧಿಕಾರಿಗಳು ಅದನ್ನು ಪರೀಕ್ಷಿಸಕೂಡದು, ಅಲ್ಲಗಳೆಯಕೂಡದು. ಇಷ್ಟೇ. ಇಂಥ ಕಾಗದವೊಂದು ನಮ್ಮ ಕಡೆಯ ಗಡಿಗಳಿಗೂ ಸಿಕ್ಕಿದ್ದರೆ ಎಷ್ಟು ತಲೆನೋವು ತಪ್ಪುತ್ತಿತ್ತು! ಮುದುಕಿಗೆ ಮಾತ್ರ ಅದೊಂದು ದೊಡ್ಡ ವಿಷಯವೆಂದೇ ಅನ್ನಿಸಿದಂತಿರಲಿಲ್ಲ. ರೊಟ್ಟಿಗೆ ಬೆಣ್ಣೆ ಹಚ್ಚುವುದರಲ್ಲಿದ್ದಳು.

ಮರುದಿನ ಗಡಿ ದಾಟಿ ಫ್ಲೆನ್ಸ್‌ಬರ್ಗಿಗೆ ಹೋದೆವು. ಅಲ್ಲಿ 1869ರಿಂದ ಡೇನಿಷ್ ಪತ್ರಿಕೆಯೊಂದು ನಡೆದುಬಂದಿದೆ. ಡೇನಿಷ್ ಶಾಲೆಗಳಿವೆ, ವಾಚನಾಲಯವಿದೆ. ಒಂದು ಶಾಲೆ ಬಿಡುವ ಹೊತ್ತಿಗೆ ಅದರ ಬಾಗಿಲಿನೆದುರು ನಿಂತೆವು. ಒಳಗೆ ಪಾಠವೆಲ್ಲ ಡೇನಿಷ್. ಮಕ್ಕಳು ಗುಂಪುಗುಂಪಾಗಿ ಹೊರಗೆ ಬಂದರು. ಬೀದಿಗೆ ಕಾಲಿಟ್ಟವರೇ ತಮ್ಮತಮ್ಮಲ್ಲಿ ಜರ್ಮನಿನಲ್ಲಿ ಗಲಗಲ ಮಾತಾಡತೊಡಗಿದರು. ನಮ್ಮ ಹುಡುಗಿ ತಮ್ಮನ ಕೈ ಜಗ್ಗಿ, "ನೋಡೋ, ಭಾನುವಾರದ ಕನ್ನಡ ಕ್ಲಾಸು ಮುಗಿಸಿ ಮೆಟ್ಟಿಲಿಳಿಯುವಾಗ ನಾವೂ ಹೀಗೇ!" ಎಂದಳು. ಹಾಗೆಂದದ್ದು ಮಾತ್ರ ಕನ್ನಡದಲ್ಲಿ.