ಬೇಸಿಗೆಗೆ ಬೆಲ್ಲದ ಪಾನಕ: ಹೊಲದಿಂದ ಲೋಟದವರೆಗೆ

(ದಾವಣಗೆರೆಯ ವಿನೋಬನಗರದಲ್ಲಿ ರೈತರು ಮತ್ತು ಗೃಹಿಣಿಯರ ಸಭೆಯಲ್ಲಿ ಮಾಡಿದ ಭಾಷಣ)



ಶಿವರಾತ್ರಿ ಕಳೆಯುತ್ತಿದ್ದಂತೆ ದಾವಣಗೆರೆ, ಹರಿಹರ ಸೀಮೆಯಲ್ಲಿ ಬಿಸಿಲು ಏರತೊಡಗುತ್ತದೆ. ಭದ್ರಾ ಅಚ್ಚುಕಟ್ಟಿನಲ್ಲಿ ಬೇಸಿಗೆ ಭತ್ತದ ಕಳೆ ತೆಗೆಯುವುದು, ಗೊಬ್ಬರ ಕೊಡುವುದು, ಮುಂದೆ ಕೊಯ್ಲು, ಒಕ್ಕಣೆ ಎಲ್ಲವೂ ಈ ಬಿಸಿಲಿನಲ್ಲಿಯೇ ನಡೆಯಬೇಕು. ದುಡಿಯುವ ದೇಹ ಬೆವರಿನ ಮೂಲಕ ನೀರನ್ನೂ ಉಪ್ಪನ್ನೂ ಕಳೆದುಕೊಳ್ಳುತ್ತದೆ. ಯುಗಾದಿಗೆ ಬೇವು-ಬೆಲ್ಲ, ರಾಮನವಮಿಗೆ ಪಾನಕ-ಕೋಸಂಬರಿ, ಬೇಸಿಗೆಯ ಜಾತ್ರೆಗಳಲ್ಲಿ ಪಾನಕ ಹಂಚುವ ಸೇವೆ, ಇವೆಲ್ಲ ಇದೇ ಕಾಲಕ್ಕೆ ಬರುವುದು ಕಾಕತಾಳೀಯವಲ್ಲ. ಋತುವಿಗೆ ತಕ್ಕ ಪಾನೀಯವನ್ನು ಹಿರಿಯರು ಹಬ್ಬಕ್ಕೆ ಜೋಡಿಸಿಟ್ಟರು.

ಇಂದು ಹಬ್ಬದ ಪಾನಕ ಉಳಿದಿದೆ. ದಿನನಿತ್ಯದ ಪಾನಕದ ಸ್ಥಾನವನ್ನು ಬಾಟಲಿಯ ತಂಪು ಪಾನೀಯ ಹಿಡಿದಿದೆ. ಪಾನಕವನ್ನು ಮತ್ತೆ ಮನೆಗೆ ತರುವುದು ಒಳ್ಳೆಯದೇ. ಆದರೆ ಅದು ನಿಜವಾಗಿ ಆರೋಗ್ಯಕರವಾಗಬೇಕಾದರೆ ಬೆಲ್ಲ, ನೀರು, ಅಳತೆ ಈ ಮೂರೂ ಸರಿಯಿರಬೇಕು. ಇವುಗಳಲ್ಲಿ ಬೆಲ್ಲದ ಗುಣ ನಿರ್ಧಾರವಾಗುವುದು ಅಡಿಗೆಮನೆಯಲ್ಲಲ್ಲ, ಕಬ್ಬಿನ ಹೊಲದಲ್ಲಿ ಮತ್ತು ಆಲೆಮನೆಯಲ್ಲಿ.

ಬೆಲ್ಲದ ರುಚಿ ಹೊಲದಲ್ಲಿ

ಒಂದೇ ತಳಿಯ ಕಬ್ಬಿನಿಂದ ಒಬ್ಬರ ಬೆಲ್ಲ ಗಟ್ಟಿಯಾಗಿ, ಹರಳುಗಟ್ಟಿ, ಸಿಹಿಯಾಗಿ ಬರುತ್ತದೆ. ಪಕ್ಕದವರ ಬೆಲ್ಲ ಮೆತ್ತಗೆ, ಕಪ್ಪಗೆ, ಉಪ್ಪು ರುಚಿಯಿಂದ ಕೂಡಿರುತ್ತದೆ. ಇದಕ್ಕೆ ಮುಖ್ಯ ಕಾರಣಗಳು ನಾಲ್ಕು.

ಮೊದಲನೆಯದು ಮಣ್ಣು. ಬಸಿಗಾಲುವೆಯಿಲ್ಲದೆ ಜೌಗು ಹಿಡಿದ, ಚೌಳಾದ ಜಮೀನಿನ ಕಬ್ಬು ಲವಣಗಳನ್ನು ಹೆಚ್ಚಾಗಿ ಹೀರುತ್ತದೆ. ಆ ಲವಣ ರಸಕ್ಕೂ, ರಸದಿಂದ ಬೆಲ್ಲಕ್ಕೂ ಬರುತ್ತದೆ. ಅಂತಹ ಬೆಲ್ಲ ಗಾಳಿಯ ತೇವವನ್ನು ಬೇಗ ಎಳೆದುಕೊಂಡು ಮಳೆಗಾಲದಲ್ಲಿ ಕರಗುತ್ತದೆ.

ಎರಡನೆಯದು ಯೂರಿಯಾ. ಸಾರಜನಕವನ್ನು ಅತಿಯಾಗಿ ಅಥವಾ ತಡವಾಗಿ ಕೊಟ್ಟರೆ ಕಬ್ಬು ಹಸಿರಾಗಿ ಬೆಳೆಯುತ್ತಲೇ ಇರುತ್ತದೆ. ಸಕ್ಕರೆ ಕೂಡುವುದಿಲ್ಲ, ಪಾಕ ಗಟ್ಟಿಯಾಗುವುದಿಲ್ಲ. ಮೇಲುಗೊಬ್ಬರವನ್ನು ನಾಲ್ಕು, ನಾಲ್ಕೂವರೆ ತಿಂಗಳೊಳಗೆ, ಮಣ್ಣು ಏರಿಸುವ ಹೊತ್ತಿಗೆ ಮುಗಿಸಬೇಕು. ಪೊಟ್ಯಾಷ್ ಗೊಬ್ಬರವನ್ನು ಬಿಡಬಾರದು. ರಸದ ಗುಣಕ್ಕೆ ಅದು ಅವಶ್ಯಕ.

ಮೂರನೆಯದು ಕಟಾವಿನ ಹದ. ಬಲಿಯದ ಕಬ್ಬು, ಹದ ಮೀರಿದ ಕಬ್ಬು ಎರಡೂ ಬೆಲ್ಲಕ್ಕೆ ಯೋಗ್ಯವಲ್ಲ. ಕಟಾವಿಗೆ ಸುಮಾರು 15 ದಿನ ಮೊದಲು ನೀರು ನಿಲ್ಲಿಸುವುದು ಒಳ್ಳೆಯದು.

ನಾಲ್ಕನೆಯದು ಕಡಿದ ಮೇಲಿನ ಕಾಲ. ಕಡಿದ ಕಬ್ಬನ್ನು ಬಿಸಿಲಿನಲ್ಲಿ ಒಟ್ಟಿದರೆ ಅದರ ಸಕ್ಕರೆ ಒಡೆದು, ಹರಳುಗಟ್ಟದ ಸಕ್ಕರೆಯಾಗಿ ಮಾರ್ಪಡುತ್ತದೆ. ಆದ್ದರಿಂದ 24 ಗಂಟೆಯೊಳಗೆ ಗಾಣಕ್ಕೆ ಕೊಡಬೇಕು.

ಆಲೆಮನೆಯ ಬಣ್ಣ, ಅಂಗಡಿಯ ಬಣ್ಣ

ಮಾರುಕಟ್ಟೆಯಲ್ಲಿ ಬೆಲ್ಲಕ್ಕೆ ಬೆಲೆ ಕಟ್ಟುವುದು ಬಹುಮಟ್ಟಿಗೆ ಬಣ್ಣ ನೋಡಿ. ಹಳದಿ ಬಣ್ಣದ ಅಚ್ಚಿಗೆ ಗಿರಾಕಿ ಹೆಚ್ಚು. ಈ ಬಣ್ಣಕ್ಕಾಗಿ ಕೊಪ್ಪರಿಗೆಗೆ ಹೈಡ್ರೋಸ್ ಎಂದು ಕರೆಯುವ ರಾಸಾಯನಿಕವನ್ನು ಹಾಕುವ ರೂಢಿ ಬೆಳೆದಿದೆ. ಇದರ ಪೂರ್ಣ ಹೆಸರು ಸೋಡಿಯಂ ಹೈಡ್ರೋಸಲ್ಫೈಟ್. ಇದು ರಸದ ಬಣ್ಣವನ್ನು ಬಿಳಿಚಿಸುತ್ತದೆ, ಕೊಳೆಯನ್ನು ತೆಗೆಯುವುದಿಲ್ಲ. ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆ. ಗಂಧಕದ ಡೈಆಕ್ಸೈಡ್ ಹೆಚ್ಚಾಗಿದ್ದರೆ ಉಬ್ಬಸದ ರೋಗಿಗಳಿಗೆ ತೊಂದರೆಯಾಗಬಹುದು. ಬೆಲ್ಲದಲ್ಲಿ ಅದು ಎಷ್ಟು ಇರಬಹುದೆಂಬುದಕ್ಕೆ ಕಾನೂನು ಮಿತಿ ಹಾಕಿರುವುದು ಇದೇ ಕಾರಣಕ್ಕೆ. ಇಷ್ಟೆಲ್ಲ ಮಾಡಿದರೂ ಆ ಬಣ್ಣ ನಿಲ್ಲುವುದಿಲ್ಲ. ಇಟ್ಟಂತೆ ಇಟ್ಟಂತೆ ಬೆಲ್ಲ ಮತ್ತೆ ಕಂದುತ್ತದೆ.

ಇದಕ್ಕೆ ಬದಲಿ ಹೊಸದಾಗಿ ಕಂಡುಹಿಡಿಯಬೇಕಾದದ್ದಲ್ಲ. ಹಸಿ ಬೆಂಡೆ ಗಿಡದ ಕಾಂಡ ಮತ್ತು ಬೇರನ್ನು ಜಜ್ಜಿ ನೀರಿನಲ್ಲಿ ಹಿಸುಕಿದರೆ ಬರುವ ಲೋಳೆಯನ್ನು ಕಾಯುತ್ತಿರುವ ರಸಕ್ಕೆ ಹಾಕಬೇಕು. ಕೊಳೆಯೆಲ್ಲ ಮಡ್ಡಿಯಾಗಿ ಮೇಲೆ ತೇಲುತ್ತದೆ. ಅದನ್ನು ಜಾಲರಿ ಸೌಟಿನಿಂದ ತೆಗೆಯಬೇಕು. ರಸದ ಹುಳಿ ತಗ್ಗಿಸಲು ಹಿತವಾಗಿ ಸುಣ್ಣದ ತಿಳಿ ಬಳಸಬಹುದು. ಪಾಕ ಸುಮಾರು 118 ಡಿಗ್ರಿ ಸೆಂಟಿಗ್ರೇಡ್‌ಗೆ ಬಂದಾಗ ಇಳಿಸಬೇಕು. ಉಷ್ಣಮಾಪಕ ಇಲ್ಲದಿದ್ದಲ್ಲಿ ಹಳೆಯ ಪರೀಕ್ಷೆಯೇ ಸಾಕು: ತಣ್ಣೀರಿಗೆ ಬಿಟ್ಟ ಪಾಕ ಉಂಡೆಯಾಗಿ, ಲೋಹದ ಪಾತ್ರೆಗೆ ಎಸೆದರೆ ಸದ್ದಾಗಬೇಕು. ಹೀಗೆ ಮಾಡಿದ ಬೆಲ್ಲ ಹೊಂಬಣ್ಣದಿಂದ ಕಂದು ಬಣ್ಣದವರೆಗೆ ಇರುತ್ತದೆ.

ಮನೆ ಬಳಕೆಗೆಂದು ಹೈಡ್ರೋಸ್ ಇಲ್ಲದ ಒಂದು ಪಾಕ ಇಳಿಸಿಕೊಂಡು, ಮಾರಾಟಕ್ಕೆ ಹೈಡ್ರೋಸ್ ಹಾಕಿದ ಪಾಕ ಇಳಿಸುವ ಆಲೆಮನೆಗಳು ಉಂಟು. ತಪ್ಪು ಯಾವುದೆಂದು ಮಾಡುವವನಿಗೆ ಗೊತ್ತಿಲ್ಲ ಎನ್ನುವಂತಿಲ್ಲ. ಆದರೆ ಕಂದು ಬೆಲ್ಲ ತಂದರೆ ಬೆಲೆ ಸಿಗದು ಎಂಬ ಅವನ ಮಾತಿನಲ್ಲಿಯೂ ನಿಜವಿದೆ. ವಿನೋಬನಗರದ ಅಂಗಡಿಯಲ್ಲಿ ಗೃಹಿಣಿ ಯಾವ ಅಚ್ಚಿನ ಮೇಲೆ ಕೈಯಿಡುತ್ತಾಳೋ ಅದೇ ಬಣ್ಣದ ಬೆಲ್ಲವನ್ನು ಆಲೆಮನೆ ತಯಾರಿಸುತ್ತದೆ.

ಕೊಳ್ಳುವವರು ಇನ್ನೊಂದು ಎಚ್ಚರಿಕೆ ವಹಿಸಬೇಕು. ಕಪ್ಪಾದದ್ದೆಲ್ಲ ಶುದ್ಧವಲ್ಲ. ಸೀದ ಪಾಕ, ಚೌಳು ಮಣ್ಣಿನ ಕಬ್ಬು, ಹಳೆಯ ಬೆಲ್ಲ ಇವೂ ಕಪ್ಪಾಗಿರುತ್ತವೆ. ಒಂದು ಚೂರನ್ನು ಗಾಜಿನ ಲೋಟದ ನೀರಿನಲ್ಲಿ ಕರಗಿಸಿ ನೋಡಬೇಕು. ತಳದಲ್ಲಿ ಸುಣ್ಣದ ಪುಡಿಯಂತಹದು ನಿಂತರೆ, ನಾಲಗೆಗೆ ಉಪ್ಪು ತಗುಲಿದರೆ ಅಂತಹ ಬೆಲ್ಲ ಬೇಡ. ತಯಾರಿಸಿದವರ ಗುರುತು ಗೊತ್ತಿದ್ದು ಕೊಳ್ಳುವುದು ಎಲ್ಲಕ್ಕಿಂತ ಮೇಲು.

ಪಾನಕಗಳ ತಯಾರಿಕೆ

ಮೊದಲು ಬೆಲ್ಲದ ಪಾಕ ಮಾಡಿಟ್ಟುಕೊಂಡರೆ ಕೆಲಸ ಸುಲಭ. 1 ಕಿಲೋ ಪುಡಿ ಬೆಲ್ಲಕ್ಕೆ ಅರ್ಧ ಲೀಟರ್ ನೀರು ಹಾಕಿ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಆರಿದ ಮೇಲೆ ಒಣಗಿದ ಗಾಜಿನ ಸೀಸೆಗೆ ತುಂಬಬೇಕು. ಫ್ರಿಜ್ ಅಥವಾ ತಂಪಾದ ಜಾಗದಲ್ಲಿಟ್ಟು ವಾರದೊಳಗೆ ಬಳಸಬೇಕು. ನೊರೆ ಬಂದರೆ, ಹುಳಿ ವಾಸನೆ ಬಂದರೆ ಚೆಲ್ಲಬೇಕು. ಒಂದು ಲೋಟಕ್ಕೆ ಒಂದು ದೊಡ್ಡ ಚಮಚ ತುಂಬ ಪಾಕ ಸಾಕು.

ಕೆಳಗಿನ ಅಳತೆಗಳು 1 ಲೀಟರ್ ನೀರಿಗೆ, ಅಂದರೆ ಐದು ಲೋಟಕ್ಕೆ.

1. ನಿಂಬೆ ಪಾನಕ: ಬೆಲ್ಲ 80 ಗ್ರಾಂ, ನಿಂಬೆಹಣ್ಣು 2, ಏಲಕ್ಕಿ 2, ಕಾಳುಮೆಣಸು 5, ಒಣಶುಂಠಿ ಪುಡಿ ಕಾಲು ಚಮಚ, ಉಪ್ಪು ಒಂದು ಚಿಟಿಕೆ. ನಿಂಬೆರಸವನ್ನು ಕೊನೆಗೆ ಹಿಂಡಬೇಕು. ಬೀಜ ಜಜ್ಜಿದರೆ ಕಹಿಯಾಗುತ್ತದೆ.

2. ಹುಣಸೆ ಪಾನಕ: ಹುಣಸೆಹಣ್ಣು 30 ಗ್ರಾಂ, ಬೆಲ್ಲ 80 ಗ್ರಾಂ, ಹುರಿದ ಜೀರಿಗೆ ಪುಡಿ ಅರ್ಧ ಚಮಚ, ಉಪ್ಪು ಚಿಟಿಕೆ. ಹುಣಸೆಯನ್ನು ನೆನೆಸಿ, ಕಿವುಚಿ, ಸೋಸಬೇಕು.

3. ಬೇಲದ ಹಣ್ಣಿನ ಪಾನಕ: ಚೆನ್ನಾಗಿ ಮಾಗಿದ ಹಣ್ಣು 1, ಬೆಲ್ಲ 100 ಗ್ರಾಂ, ಏಲಕ್ಕಿ 2. ತಿರುಳನ್ನು ನೀರಿನಲ್ಲಿ ಕಿವುಚಿ ನಾರು, ಬೀಜ ತೆಗೆಯಬೇಕು.

4. ಮಾವಿನಕಾಯಿ ಪಾನಕ: ಸಾಧಾರಣ ಗಾತ್ರದ ಕಾಯಿ 2, ಬೆಲ್ಲ 100 ಗ್ರಾಂ, ಜೀರಿಗೆ ಪುಡಿ, ಉಪ್ಪು. ಕಾಯಿಯನ್ನು ಬೇಯಿಸಿ ಅಥವಾ ಕೆಂಡದಲ್ಲಿ ಸುಟ್ಟು ತಿರುಳು ಬಳಸಬೇಕು.

ನೀರು ಕುದಿಸಿ ಆರಿಸಿದ್ದಾಗಿರಲಿ. ತಂಪಿಗೆ ಮಡಕೆಯೇ ಸಾಕು. ಮೀನು ಮೊದಲಾದ ಪದಾರ್ಥ ಕೆಡದಂತಿಡಲು ಮಾಡುವ ಮಂಜುಗಡ್ಡೆ ಕುಡಿಯಲು ಯೋಗ್ಯವಲ್ಲ. ಹುಳಿಯಿರುವ ಪಾನಕವನ್ನು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಇಡಲೇಬಾರದು. ಬೆಳಿಗ್ಗೆ ಮಾಡಿದ್ದನ್ನು ಮುಚ್ಚಿ ಹೊಲಕ್ಕೆ ಒಯ್ದು ಮಧ್ಯಾಹ್ನದೊಳಗೆ ಮುಗಿಸಬೇಕು.

ಅಳತೆ ಮೀರಬಾರದು

ಬೆಲ್ಲ ಸ್ವಾಭಾವಿಕ ಸಿಹಿ ಎಂಬ ಮಾತನ್ನು ತಪ್ಪಾಗಿ ತಿಳಿಯಬಾರದು. ಬೆಲ್ಲದ ಬಹುಭಾಗ ಸಕ್ಕರೆಯೇ. ಬಾಟಲಿಯ ತಂಪು ಪಾನೀಯದಲ್ಲಿ 100 ಮಿಲಿಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. ಲೀಟರಿಗೆ 150 ಗ್ರಾಂ ಬೆಲ್ಲ ಹಾಕಿದ ಹಬ್ಬದ ಪಾನಕ ಅದನ್ನೂ ಮೀರಿಸುತ್ತದೆ. ದಿನಕ್ಕೆ 2000 ಕಿಲೋಕ್ಯಾಲೊರಿ ಆಹಾರ ತೆಗೆದುಕೊಳ್ಳುವವರು ಸಕ್ಕರೆ, ಬೆಲ್ಲ, ಜೇನು ಎಲ್ಲ ಸೇರಿ 50 ಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯ ತಾತ್ಪರ್ಯ. ಮೇಲಿನ ಅಳತೆಯ ನಿಂಬೆ ಪಾನಕದ ಒಂದು ಲೋಟದಲ್ಲಿ 16 ಗ್ರಾಂ ಬೆಲ್ಲವಿದೆ. ಕಾಫಿ, ಚಹಾದ ಸಕ್ಕರೆಯನ್ನೂ ಲೆಕ್ಕ ಹಿಡಿದರೆ ದಿನಕ್ಕೆ ಎರಡು ಲೋಟ ಸಾಕು. ಉಳಿದ ದಾಹಕ್ಕೆ ನೀರು ಮತ್ತು ಉಪ್ಪು ಹಾಕಿದ ನೀರುಮಜ್ಜಿಗೆ.

ಬೆಲ್ಲದಲ್ಲಿ ಕಬ್ಬಿಣದ ಅಂಶವಿದೆ, ನಿಂಬೆಯ ಸಿ ಜೀವಸತ್ವ ಅದನ್ನು ಹೀರಿಕೊಳ್ಳಲು ನೆರವಾಗುತ್ತದೆ, ಇದು ನಿಜ. ಆದರೆ ಒಂದು ಲೋಟದಲ್ಲಿ ದೊರೆಯುವುದು 1 ಮಿಲಿಗ್ರಾಂಗಿಂತ ಕಡಿಮೆ. ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ರಕ್ತಹೀನತೆಗೆ ಪಾನಕ ಔಷಧವಲ್ಲ. ಸೊಪ್ಪು, ಕಾಳು ಮತ್ತು ವೈದ್ಯರು ಕೊಡುವ ಮಾತ್ರೆ ಬೇಕೇ ಬೇಕು.

ಸಕ್ಕರೆ ಕಾಯಿಲೆಯವರಿಗೆ ಬೆಲ್ಲ, ಜೇನು ಯಾವುದೂ ರಿಯಾಯಿತಿ ಕೊಡುವುದಿಲ್ಲ. ಅವರಿಗೆ ಮಜ್ಜಿಗೆಯೇ ಹಿತ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಲೂಬಾರದು. ವಾಂತಿಭೇದಿಯಾದಾಗ ಪಾನಕ ಕೊಟ್ಟರೆ ಅದರ ಹೆಚ್ಚಿನ ಸಿಹಿಯಿಂದ ಭೇದಿ ಬಲಿಯಬಹುದು. ಆಗ ಆರೋಗ್ಯ ಕೇಂದ್ರದ ಓ.ಆರ್.ಎಸ್. ಪುಡಿಯನ್ನೇ ಕಲಸಿ ಕೊಡಬೇಕು. ಬಿಸಿಲಿನಲ್ಲಿ ದುಡಿಯುತ್ತಿದ್ದವರ ಮೈ ಸುಡುತ್ತಿದ್ದು ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಸುರಿಯಬಾರದು. ನೆರಳಿಗೆ ತಂದು, ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತ, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ರೈತ ಬಾಂಧವರೇ, ಕಬ್ಬು ಬೆಳೆಯುವವರೂ ಪಾನಕ ಕುಡಿಯುವವರೂ ಈ ಸೀಮೆಯಲ್ಲಿ ದೂರದವರಲ್ಲ. ಒಂದು ಬೀದಿಯ ಹತ್ತು ಮನೆಗಳು ಸೇರಿ, ಪರಿಚಯದ ಆಲೆಮನೆಗೆ ಹಂಗಾಮಿನ ಮೊದಲೇ ಹೋಗಿ, ಹೈಡ್ರೋಸ್ ಹಾಕದ ಬೆಲ್ಲ ಇಷ್ಟು ಕಿಲೋ ಬೇಕು, ನ್ಯಾಯವಾದ ಬೆಲೆ ಕೊಡುತ್ತೇವೆ ಎಂದು ಮಾತು ಕೊಟ್ಟರೆ, ಆ ಆಲೆಮನೆಯವರು ಮನೆಗೊಂದು ಪಾಕ, ಮಾರಾಟಕ್ಕೊಂದು ಪಾಕ ಇಳಿಸಬೇಕಾದ ಕಾರಣವೇ ಉಳಿಯುವುದಿಲ್ಲ. ಬರುವ ಬೇಸಿಗೆಯ ಪಾನಕಕ್ಕೆ ಈ ಹಂಗಾಮಿನಲ್ಲಿಯೇ ಸಿದ್ಧತೆ ನಡೆಯಲಿ.