ಗಣಕಯಂತ್ರ ಬದಲಾದಾಗ ನಮ್ಮ ಕನ್ನಡ ಕಡತಗಳು

(ಸಂಘದ ರಜತ ಮಹೋತ್ಸವದಲ್ಲಿ ಕಚೇರಿ ಸಿಬ್ಬಂದಿಯ ಪರವಾಗಿ ಮಾಡಿದ ಭಾಷಣ)



ಸಂಘ ಬೆಳೆದು ಬಂದ ದಾರಿಯನ್ನು ನಮಗಿಂತ ಮೊದಲು ಮಾತನಾಡಿದ ಹಿರಿಯರು ಸವಿಸ್ತಾರವಾಗಿ ಹೇಳಿದ್ದಾರೆ. ನಮಗೆ 'ಕಂಪ್ಯೂಟರಿನ ಬಗ್ಗೆ ನಾಲ್ಕು ಮಾತು ಹೇಳ್ರಿ' ಎಂದು ಅಪ್ಪಣೆಯಾಗಿದೆ. ಇದು ಕಚೇರಿಯೊಳಗಿನ ವಿಷಯ, ನಮಗ್ಯಾಕೆ ಎಂದು ದಯವಿಟ್ಟು ಯಾರೂ ಭಾವಿಸಬಾರದು. ಇದು ನಿಮ್ಮ ಹೆಸರಿನ, ನಿಮ್ಮ ಕಾಗದದ ವಿಷಯ.

ಸಹಕಾರ ಚಳವಳಿ ನಿಂತಿರುವುದೇ ಬರೆದಿಟ್ಟ ಲೆಕ್ಕದ ಮೇಲೆ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಅಂದಿನಿಂದ ಇಂದಿನವರೆಗೆ ಕಾರ್ಯದರ್ಶಿ ಬದಲಾಗುತ್ತಾರೆ, ಅಧ್ಯಕ್ಷರು ಬದಲಾಗುತ್ತಾರೆ, ಪುಸ್ತಕ ಮಾತ್ರ ಉಳಿಯುತ್ತದೆ. ಲೆಡ್ಜರಿನ ಪುಟದ ಮೇಲೆ ತಾರೀಖು, ವಿವರ, ಜಮಾ, ಖರ್ಚು, ಬಾಕಿ ಎಂದು ಕಾಲಂ ಇರುತ್ತವೆ. ನಾಳೆ ಹೊಸಬರು ಬಂದು ಕೂತರೂ ಯಾರನ್ನೂ ಕೇಳದೆ ಓದಬಹುದು.

ಕಂಪ್ಯೂಟರಿನ ಕಥೆ ಹಾಗಲ್ಲ.

ಮೊದಲು ನಮ್ಮ ಸಂಘದ ಕೆಲಸವೆಲ್ಲ ಪೆನ್ನಿನಲ್ಲೇ ನಡೆಯುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು. ಕನ್ನಡದಲ್ಲಿ ಟೈಪ್ ಮಾಡುವ ಒಂದು ಸಾಫ್ಟ್‌ವೇರನ್ನು ಒಬ್ಬ ತಂತ್ರಜ್ಞರಿಂದ ನಮ್ಮ ಕೆಲಸಕ್ಕೆ ತಕ್ಕಂತೆ ಮಾಡಿಸಲಾಯಿತು. ಅಳತೆ ಕೊಟ್ಟು ಅಂಗಿ ಹೊಲಿಸಿದ ಹಾಗೆ. ಒಂದು ಗುಂಡಿ ಒತ್ತಿದರೆ ವಾರ್ಷಿಕ ಮಹಾಸಭೆಯ ನೋಟೀಸು, ಇನ್ನೊಂದಕ್ಕೆ ಸಾಲದ ತಿಳುವಳಿಕೆ ಪತ್ರ, ಮತ್ತೊಂದಕ್ಕೆ ಬೇಬಾಕಿ ಪ್ರಮಾಣಪತ್ರ. ಹೆಸರು, ಊರು, ರಕಮು ಹಾಕಿದರೆ ಸಾಕು, ಕಾಗದ ತಯಾರು. ಅರ್ಧ ದಿನದ ಕೆಲಸ ಹತ್ತು ನಿಮಿಷಕ್ಕೆ ಬಂತು. ನಾವೂ ಖುಷಿ, ಸದಸ್ಯರೂ ಖುಷಿ. ಆದರೆ ಅದನ್ನು ಹೇಗೆ ಮಾಡಿದ್ದಾರೆಂದು ಬರೆದುಕೊಟ್ಟದ್ದು ಇಂಗ್ಲಿಷಿನ ನಾಲ್ಕು ಪುಟ ಜೆರಾಕ್ಸ್. ಅದರಲ್ಲಿ ಸಾಫ್ಟ್‌ವೇರ್ ಹಾಕುವುದು ಹೇಗೆ ಎಂದಿತ್ತು. ಕೆಟ್ಟರೆ ಏನು ಮಾಡಬೇಕು, ಬದಲಿಸುವಾಗ ಏನೇನು ಎತ್ತಿಟ್ಟುಕೊಳ್ಳಬೇಕು ಎಂಬುದು ಒಂದು ಸಾಲೂ ಇರಲಿಲ್ಲ.

ಯಂತ್ರ ಹಳೆಯದಾಗುತ್ತದೆ. ಯಂತ್ರವನ್ನು ನಡೆಸುವ ವಿಂಡೋಸ್ ಕೂಡ ಹಳೆಯದಾಗುತ್ತದೆ. ವಿಂಡೋಸ್ ಎಕ್ಸ್‌ಪಿಗೆ ಕಂಪನಿಯ ಬೆಂಬಲ 2014ರ ಏಪ್ರಿಲ್‌ನಲ್ಲಿ ನಿಂತಿತು, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ. ಹೀಗಾಗಿ ನಮ್ಮಲ್ಲೂ ಹೊಸ ಯಂತ್ರ ಬಂತು, ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ಹಳೆ ಕಡತ ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ತಲೆಯ ಮೇಲೆ ಗೀಟು ಎಳೆದ ಅಕ್ಷರಗಳು. ನಮ್ಮ ಗುಂಡಿಗಳು ಒಂದೂ ಕೆಲಸ ಮಾಡಲಿಲ್ಲ. ಮಾಡಿಕೊಟ್ಟವರಿಗೆ ಫೋನ್ ಹಚ್ಚಿದರೆ ಅವರು ಆ ಕೆಲಸ ಬಿಟ್ಟು ಬಹಳ ದಿನವಾಗಿತ್ತು.

ಹೀಗೆ ಯಾಕಾಗುತ್ತದೆ ಎಂಬುದನ್ನು ಸರಳವಾಗಿ ಹೇಳುತ್ತೇವೆ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಆಗಿನ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂಡಿಸುತ್ತಿದ್ದರು. ಬಹಳ ಬಳಕೆಯಲ್ಲಿದ್ದ ಒಂದು ಪದ್ಧತಿಯಲ್ಲಿ ಇಂಗ್ಲಿಷಿನ ದೊಡ್ಡ 'ಪಿ' ಜಾಗದಲ್ಲಿ 'ಕ'ದ ಮೈ, ಪೌಂಡಿನ ಗುರುತಿನ ಜಾಗದಲ್ಲಿ 'ನ'ದ ಮೈ, ತಲೆಕಟ್ಟು ಮತ್ತೊಂದು ಜಾಗದಲ್ಲಿ. ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಪಿ ಮತ್ತು ಪೌಂಡು ಕಾಣುತ್ತವೆ. ಒಂದು ಕಂಪನಿಯ ಫಾಂಟಿನ ಜಾಗ ಇನ್ನೊಂದಕ್ಕೆ ಹೊಂದುತ್ತಲೂ ಇರಲಿಲ್ಲ.

ಆ ಕಾಲದವರನ್ನು ನಾವು ಜರಿಯುತ್ತಿಲ್ಲ. ಕಿನ್ನಿಕಂಬಳ ಪದ್ಮನಾಭ ರಾವ್ ಅವರು ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡ ಒತ್ತುವ ಸುಲಭ ವಿನ್ಯಾಸ ಕೊಟ್ಟರು. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ 'ಬರಹ' ಹೊರತಂದರು. ಕನ್ನಡ ಗಣಕ ಪರಿಷತ್ತು 'ನುಡಿ' ಕೊಟ್ಟಿತು. ಇವರೆಲ್ಲ ಇರದಿದ್ದರೆ ನಮ್ಮಂಥ ಹಳ್ಳಿಯ ಕಚೇರಿಯಲ್ಲಿ ಕನ್ನಡ ಟೈಪೇ ಆಗುತ್ತಿರಲಿಲ್ಲ. ಆದರೆ ಶಾಶ್ವತ ದಾರಿ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಓಣಿ ಸಿಕ್ಕಿತು. ಅಲ್ಲಿ 'ಕ' ಅಂದರೆ ಜಗತ್ತಿನಲ್ಲೆಲ್ಲ 'ಕ'ವೇ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಫಾಂಟಿನೊಡನೆ ಅದು ಸಾಮಾನ್ಯ ಕಂಪ್ಯೂಟರಿಗೂ ಬಂತು.

ಹಾಗಾದರೆ ಹಳೆಯದನ್ನು ಯೂನಿಕೋಡಿಗೆ ಪರಿವರ್ತಿಸಿದರೆ ಮುಗೀತಲ್ಲ ಎನ್ನಬಹುದು. ಅಲ್ಲೇ ಐತಿ ನೋಡ್ರಿ ಫಜೀತಿ. ನಾವು ಅರ್ಕಾವತ್ತನ್ನು ಅಕ್ಷರದ ಆಚೆ ಬರೆಯುತ್ತೇವೆ, ಆದರೆ ಉಚ್ಚಾರದಲ್ಲಿ ಅದು ಮೊದಲು. ಹಳೆ ಫಾಂಟು ಬರೆಯುವ ಕ್ರಮ ಹಿಡಿಯುತ್ತದೆ, ಯೂನಿಕೋಡು ಉಚ್ಚಾರದ ಕ್ರಮ ಹಿಡಿಯುತ್ತದೆ. ಈ ಸೂಕ್ಷ್ಮ ತಿಳಿಯದ ಪರಿವರ್ತಕ ಹಾಕಿದರೆ 'ಕರ್ನಾಟಕ' ಹೋಗಿ 'ಕನಾರ್ಟಕ' ಆಗುತ್ತದೆ. 'ಸೂರ್ಯಕಾಂತಿ' ಹೋಗಿ 'ಸೂಯರ್ಕಾಂತಿ'. ದುರ್ಗಪ್ಪ ಎಂಬ ಹೆಸರು 'ದುಗರ್ಪ್ಪ'. ಅಂಕಿಗಳಿಗೆ ಏನೂ ಆಗಲಿಲ್ಲ, ಕೆಟ್ಟದ್ದೆಲ್ಲ ಹೆಸರುಗಳು.

ನಗೆ ಬರುತ್ತದೆ, ಖರೆ. ಆದರೆ ಮುಂಗಾರು ಹತ್ತಿರ ಬಂದಾಗ ಬೇರೆ ಕಡೆ ಸಾಲಕ್ಕೆ ಹಾಕಬೇಕೆಂದು ಬೇಬಾಕಿ ಪತ್ರಕ್ಕೆ ಬಂದ ಸದಸ್ಯನಿಗೆ ಇದು ನಗೆಯಲ್ಲ. 'ಏನ್ರೀ ಇದು, ಸಾಲ ತೀರಿಸಿದಾಂವ ನಾನು, ಪತ್ರ ಮತ್ಯಾರ ಹೆಸರಿಗೆ ಕೊಟ್ಟೀರಿ?' ಎಂದು ಒಬ್ಬರು ಕೇಳಿದರು. ಆಧಾರ್ ಚೀಟಿಯ ಹೆಸರಿಗೂ ನಮ್ಮ ಪತ್ರದ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸವಾದರೆ ಕಾಗದ ವಾಪಸ್ಸು. ಹೊಲ ಹದಕ್ಕೆ ಬಂದಾಗ ಒಂದು ವಾರ ತಡವಾದರೆ ತೊಗರಿ, ಸಜ್ಜೆ ಬಿತ್ತುವವನ ಗತಿ ಏನೆಂದು ಇಲ್ಲಿ ಕೂತವರಿಗೆ ನಾವು ಹೇಳಬೇಕಾಗಿಲ್ಲ.

ಕೊನೆಗೆ ನಮ್ಮನ್ನು ಪಾರು ಮಾಡಿದ್ದು ಕೈಬರಹದ ಸದಸ್ಯರ ರಿಜಿಸ್ಟರು. ಒಬ್ಬರು ರಿಜಿಸ್ಟರು ಓದುವುದು, ಇನ್ನೊಬ್ಬರು ಪರದೆಯ ಮೇಲೆ ತಿದ್ದುವುದು. ಸಂಜೆ ಕಚೇರಿ ಬಾಗಿಲು ಹಾಕಿದ ಮೇಲೂ ಕೂತು ಒಂದೊಂದೇ ಹೆಸರು ಸರಿಪಡಿಸಿದೆವು. ಅದು ಮುಗಿಯುವ ತನಕ ಬೇಬಾಕಿ ಪತ್ರಗಳನ್ನು ಕೈಯಲ್ಲೇ ಬರೆದು ಶಿಕ್ಕಾ ಹೊಡೆದು ಕೊಟ್ಟೆವು.

ನಮ್ಮ ಪಕ್ಕದ ಮಸ್ಕಿಯ ಮಾತು ಇಲ್ಲಿ ನೆನಪಾಗುತ್ತದೆ. ಅಲ್ಲಿನ ಬಂಡೆಯ ಮೇಲೆ ಅಶೋಕನ ಹೆಸರಿರುವ ಶಾಸನ 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿತ್ತು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಬರಹ. ಬ್ರಾಹ್ಮಿ ಲಿಪಿಯನ್ನು 1837ರಲ್ಲೇ ಪ್ರಿನ್ಸೆಪ್ ಓದಿ ತೋರಿಸಿದ್ದರಿಂದ ವಿದ್ವಾಂಸರು ಅದನ್ನು ಓದಿದರು. ಆದರೆ ಅದಕ್ಕೂ ಮುಂಚೆ ಆ ಲಿಪಿಯ ಗುಟ್ಟು ಮರೆತುಹೋಗಿ, ಎಷ್ಟೋ ಶತಮಾನ ಅಂಥ ಬಂಡೆಗಳು ಕಣ್ಣೆದುರಿಗಿದ್ದೂ ಮೂಕವಾಗಿದ್ದವು. ನಮ್ಮ ಕಡತಗಳಿಗೆ ಆ ಗತಿ ಬರಲು ಹತ್ತು ವರ್ಷವೂ ಬೇಕಾಗಲಿಲ್ಲ.

ಈಗ ಸಹಕಾರ ಕ್ಷೇತ್ರದಲ್ಲಿ ಗಣಕೀಕರಣದ ಗಾಳಿ ಜೋರಾಗಿದೆ. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಯಾವ ಸಂಘಕ್ಕೆ ಯಾವ ಸಾಫ್ಟ್‌ವೇರ್ ಬಂದರೂ ನಾಲ್ಕು ಮಾತು ಕೇಳಿಯೇ ರೊಕ್ಕ ಕೊಡಬೇಕೆಂಬುದು ನಮ್ಮ ಅನುಭವ. ಒಂದು, ಕನ್ನಡ ಯೂನಿಕೋಡಿನಲ್ಲೇ ಇರಬೇಕು. ಎರಡು, ನಮಗಾಗಿ ಮಾಡಿದ ಪ್ರತಿ ಬದಲಾವಣೆಯನ್ನೂ ಕನ್ನಡದಲ್ಲಿ ಬರೆದುಕೊಡಬೇಕು. ಅದನ್ನು ಓದಿ, ಎಂದೂ ಆ ಕೆಲಸ ಮಾಡದವರು ಒಬ್ಬರು ಮಾಡಿ ತೋರಿಸಿದ ಮೇಲೆಯೇ ಕೊನೆಯ ಕಂತು. ಮೂರು, ಹೊಸದು ಬಂದ ದಿನವೇ ಹಳೆಯದನ್ನು ಕಟ್ಟಿಡಬಾರದು. ಒಂದು ತಿಂಗಳಾದರೂ ಎರಡೂ ಜೋಡೆತ್ತಿನಂತೆ ನಡೆಯಬೇಕು. ನಾಲ್ಕು, ಹೆಸರುಗಳ ಪಟ್ಟಿಯನ್ನು ಅಚ್ಚು ಹಾಕಿ ಸದಸ್ಯರೇ ನೋಡಿ ಸಹಿ ಮಾಡಬೇಕು.

ನಮ್ಮ ಕಚೇರಿಯಲ್ಲಿ ಈಗ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇವೆ. ಯಾವ ಪತ್ರ ಯಾವ ಫಾಂಟಿನಲ್ಲಿದೆ, ಯಾವ ಗುಂಡಿ ಏನು ಮಾಡುತ್ತದೆ, ಪ್ರತಿಗಳು ಎಲ್ಲಿವೆ ಎಂದು ನಮ್ಮ ಕೈಯಾರೆ, ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇವೆ. ಅದು ಠರಾವು ಪುಸ್ತಕದ ಪಕ್ಕದಲ್ಲೇ, ಅದೇ ಕಪಾಟಿನಲ್ಲಿ ಇರುತ್ತದೆ. ಕಾಲೇಜು ಓದಿದ ಮಕ್ಕಳು ಮನೆ ಮನೆಯಲ್ಲಿ ಇದ್ದಾರೆ. ಅವರು ಬಂದು ಓದಲಿ, ತಿಳಿಯದ ಕಡೆ ಗೆರೆ ಎಳೆಯಲಿ, ನಾವು ತಿದ್ದುತ್ತೇವೆ. ಹಾಗೆಯೇ ಹೆಸರುಗಳ ಪಟ್ಟಿ ಇವತ್ತು ಪೆಂಡಾಲಿನ ಬಾಗಿಲಲ್ಲೇ ಮೇಜಿನ ಮೇಲಿದೆ. ಊಟಕ್ಕೆ ಹೋಗುವ ಮುಂಚೆ ಪ್ರತಿಯೊಬ್ಬರೂ ತಮ್ಮ ಹೆಸರು ನೋಡಿಕೊಂಡು, ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿ ಹೋಗಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ಸಹಿ ಬಾರದ ಹಿರಿಯರಿಗೆ ಓದಿ ಹೇಳಲು ನಮ್ಮವರು ಅಲ್ಲೇ ಕೂತಿರುತ್ತಾರೆ.